ಒಂದು ಸಲ 71, ಇನ್ನೊಂದು ಸಲ 36: ಮಗಳ ವಿಲ್ಲೆಬ್ರಾಂಡ್ ರಿಪೋರ್ಟ್ ಓದುವುದು ಹೇಗೆ?

ಪ್ರಶ್ನೆ: ನಾವು ರಾಜಾಜಿನಗರದಲ್ಲಿದ್ದೇವೆ. ಮಗಳಿಗೆ 17 ವರ್ಷ, ಸೆಕೆಂಡ್ ಪಿಯುಸಿ. ದೊಡ್ಡವಳಾದಾಗಿನಿಂದ ಮುಟ್ಟು ಎಂಟೊಂಬತ್ತು ದಿನ ಇರುತ್ತದೆ, ತುಂಬಾ ಜಾಸ್ತಿ ಹೋಗುತ್ತದೆ. ಹಿಮೋಗ್ಲೋಬಿನ್ 8.2ಕ್ಕೆ ಇಳಿದಿತ್ತು. ಜುಲೈನಲ್ಲಿ ಡೆಂಗಿ ಬಂದು ಆಸ್ಪತ್ರೆಗೆ ಸೇರಿಸಿದಾಗಲೇ ಮುಟ್ಟಾಗಿ ರಕ್ತ ನಿಲ್ಲಲೇ ಇಲ್ಲ. ಆಗ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅಂತ ಒಂದು ಟೆಸ್ಟ್ ಮಾಡಿಸಿದರು. 71 ಬಂತು, ನಾರ್ಮಲ್ ಎಂದರು. ಮೂರು ತಿಂಗಳ ನಂತರ ಬೇರೆ ಡಾಕ್ಟರ್ ಮತ್ತೆ ಮಾಡಿಸಿದಾಗ 36 ಬಂದಿದೆ. ಆಕ್ಟಿವಿಟಿ 33, ಫ್ಯಾಕ್ಟರ್ ಎಂಟು 48. ಬ್ಲಡ್ ಗ್ರೂಪ್ ಓ ಪಾಸಿಟಿವ್. ಯಾವುದನ್ನು ನಂಬಬೇಕು? ಇದು ಜಾಸ್ತಿ ಇದ್ದರೆ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಓದಿದೆ. ಹಾಗಾದರೆ ಕಡಿಮೆ ಇರುವುದೇ ಒಳ್ಳೆಯದಲ್ವಾ? ಅವಳಿಗೆ ಕೆಳಗಿನ ಬುದ್ಧಿಹಲ್ಲು ತೆಗೆಸಬೇಕಿದೆ. ಬಿಟಿ-ಸಿಟಿ (ರಕ್ತ ನಿಲ್ಲುವ, ಹೆಪ್ಪುಗಟ್ಟುವ ಸಮಯ ನೋಡುವ ಟೆಸ್ಟ್) ನಾರ್ಮಲ್ ಇದೆ, ತೊಂದರೆ ಇಲ್ಲ ಎನ್ನುತ್ತಾರೆ. ನನ್ನ ಮದುವೆ ಸೋದರಮಾವನ ಮಗನ ಜೊತೆಯೇ ಆಗಿದ್ದು. ಅದರಿಂದ ಬಂತೇ? ನನ್ನ ಅಮ್ಮನಿಗೂ ಹೀಗೇ ಹೋಗುತ್ತಿತ್ತು, 38ಕ್ಕೇ ಗರ್ಭಕೋಶ ತೆಗೆದರು. ಮುಂದೆ ಮಗಳ ಮದುವೆ, ಮಕ್ಕಳು ಎಲ್ಲ ಹೇಗೆ?

ಉತ್ತರ: ಚಿಕಿತ್ಸೆಗೆ ಆಧಾರವಾಗಿ ನೀವು ಹಿಡಿದುಕೊಳ್ಳಬೇಕಾದ್ದು ಎರಡನೇ ರಿಪೋರ್ಟನ್ನು. ಆದರೆ ಮೊದಲನೆಯದು ತಪ್ಪು ರಿಪೋರ್ಟ್ ಅಲ್ಲ. ಆ ದಿನ ಅವಳ ರಕ್ತದಲ್ಲಿ ನಿಜವಾಗಿಯೂ 71 ಇದ್ದಿರಬಹುದು. ರಕ್ತ ನಿಲ್ಲಲು ಬೇಕಾದ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಈ ಪ್ರೋಟೀನ್ ಇರುವುದೇ ಹಾಗೆ. ಜ್ವರ ಬಂದರೆ ಏರುತ್ತದೆ, ಗಾಬರಿಯಾದರೆ ಏರುತ್ತದೆ, ಓಡಿ ಬಂದು ಕುಳಿತರೂ ಏರುತ್ತದೆ. ಸೂಜಿ ನೋಡಿ ಕಿರುಚಾಡಿದ ಮಗುವಿನ ರಕ್ತದಲ್ಲಿ ಒಂದಿಷ್ಟು ಹೆಚ್ಚೇ ಕಾಣುತ್ತದೆ. ಡೆಂಗಿಯಲ್ಲಂತೂ ರಕ್ತನಾಳದ ಒಳಪದರವೇ ಕೆರಳಿರುತ್ತದೆ. ಈ ಪ್ರೋಟೀನ್ ತಯಾರಾಗುವುದು ಮುಖ್ಯವಾಗಿ ಆ ಪದರದ ಜೀವಕೋಶಗಳಲ್ಲೇ. ಹಾಗಾಗಿ ಡೆಂಗಿ ಇದ್ದಾಗ ಬಂದ 71ನ್ನು ಇಟ್ಟುಕೊಂಡು "ಏನೂ ಇಲ್ಲ" ಎಂದು ತೀರ್ಮಾನಿಸಲು ಬರುವುದಿಲ್ಲ. ಅಷ್ಟೊಂದು ಜ್ವರದಲ್ಲಿ 71ರಲ್ಲೇ ನಿಂತಿದೆ ಎಂದರೆ ನನಗೆ ಅನುಮಾನ ಜಾಸ್ತಿಯಾಗುತ್ತದೆ.

ಎರಡನೇ ರಿಪೋರ್ಟನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಅದನ್ನು ಹೇಗೆ ಮಾಡಿಸಬೇಕು ಎಂದು ಆಮೇಲೆ ಹೇಳುತ್ತೇನೆ. ಮೊದಲು ಈ ಪ್ರೋಟೀನ್ ಮಾಡುವ ಕೆಲಸ ಏನು ಎಂದು ನೋಡೋಣ. ಅದು ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

ನಮ್ಮ ರಕ್ತದಲ್ಲಿ ಇರುವ ಪ್ರೋಟೀನ್‌ಗಳಲ್ಲಿ ಅತಿ ದೊಡ್ಡದು ಇದೇ. ಒಂದೇ ತರದ ತುಂಡುಗಳು ಒಂದಕ್ಕೊಂದು ಸೇರಿ ಉದ್ದನೆಯ ಸರಪಳಿಯಾಗುತ್ತವೆ. ಒಂದೊಂದು ತುಂಡಿನಲ್ಲೂ 2,050 ಅಮೈನೋ ಆಮ್ಲಗಳು. ರಕ್ತನಾಳದ ಒಳಪದರದಲ್ಲಿ ತಯಾರಾದ ಈ ಸರಪಳಿಗಳು ಅಲ್ಲೇ ಪುಟ್ಟ ಚೀಲಗಳಲ್ಲಿ ಕಾದು ಕೂತಿರುತ್ತವೆ. ಪ್ಲೇಟ್‌ಲೆಟ್‌ಗಳ ಒಳಗೂ ಸ್ವಲ್ಪ ಇರುತ್ತದೆ. ರಕ್ತದಲ್ಲಿ ಸುಮ್ನೆ ತಿರುಗಾಡುವಾಗ ಇದು ಸುತ್ತಿಟ್ಟ ದಾರದ ಉಂಡೆಯ ಹಾಗೆ ಮುದುರಿಕೊಂಡಿರುತ್ತದೆ. ಪ್ಲೇಟ್‌ಲೆಟ್‌ಗಳು ಪಕ್ಕದಲ್ಲೇ ಹಾದುಹೋದರೂ ಅಂಟುವುದಿಲ್ಲ. ನಾಳ ಎಲ್ಲಾದರೂ ಹರಿಯಿತು ಅಂದುಕೊಳ್ಳಿ. ಅಲ್ಲಿ ಹೊರಗೆ ಕಾಣುವ ಕೊಲಾಜನ್ ಎಂಬ ನಾರನ್ನು ಇದರ ಒಂದು ಭಾಗ ಹಿಡಿದುಕೊಳ್ಳುತ್ತದೆ. ರಭಸದಿಂದ ಹರಿಯುವ ರಕ್ತ ಉಳಿದ ಭಾಗವನ್ನು ಎಳೆಯುತ್ತದೆ. ಉಂಡೆ ಬಿಚ್ಚಿಕೊಂಡು ಉದ್ದವಾಗುತ್ತದೆ. ಆಗ ಅದರ ಮೈಮೇಲೆ ಅಡಗಿದ್ದ ಜಾಗಗಳು ತೆರೆದುಕೊಂಡು, ಹಾದುಹೋಗುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತವೆ. ಗಾಯದ ಬಾಯಿಗೆ ಮೊದಲ ಮುಚ್ಚಳ ಬೀಳುವುದು ಹೀಗೆ.

ರಕ್ತ ವೇಗವಾಗಿ ಹರಿಯುವ ಸಣ್ಣ ನಾಳಗಳಲ್ಲೇ ಇದರ ಅಗತ್ಯ ಹೆಚ್ಚು. ಅದಕ್ಕೇ ಇದು ಕಡಿಮೆ ಇರುವವರಿಗೆ ಮೂಗು, ವಸಡು, ಕರುಳು, ಗರ್ಭಕೋಶದ ಒಳಪದರ ಇಂಥ ಕಡೆ ರಕ್ತ ಹೋಗುತ್ತದೆ. ಹಿಮೋಫಿಲಿಯಾ ಎಂಬ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಇನ್ನೊಂದು ಕಾಯಿಲೆ ಇರುವ ಹುಡುಗರಿಗೆ ಕೀಲಿನೊಳಗೆ, ಮಾಂಸಖಂಡದೊಳಗೆ ಹೋಗುವ ಹಾಗೆ ಅಲ್ಲ.

ಇನ್ನೊಂದು ಕೆಲಸವೂ ಇದೆ. ಹಿಮೋಫಿಲಿಯಾ ಎ ರೋಗದಲ್ಲಿ ಕಡಿಮೆ ಇರುತ್ತದಲ್ಲ, ರಕ್ತ ಹೆಪ್ಪುಗಟ್ಟಿಸುವ ಆ ಫ್ಯಾಕ್ಟರ್ ಎಂಟು ಎಂಬ ಪ್ರೋಟೀನನ್ನು ಇದು ಜೊತೆಗಿಟ್ಟುಕೊಂಡು ಕಾಪಾಡುತ್ತದೆ. ಜೊತೆಗಿದ್ದರೆ ಫ್ಯಾಕ್ಟರ್ ಎಂಟು ಅರ್ಧಕ್ಕೆ ಇಳಿಯಲು ಸುಮಾರು 12 ಗಂಟೆ ಬೇಕು. ಒಂಟಿಯಾಗಿದ್ದರೆ ಎರಡು ಗಂಟೆಯ ಆಸುಪಾಸಿನಲ್ಲೇ ಇಳಿದುಬಿಡುತ್ತದೆ. ನಿಮ್ಮ ಮಗಳ ಫ್ಯಾಕ್ಟರ್ ಎಂಟು 48 ಬಂದಿರುವುದು ಈ ಕಾರಣಕ್ಕೆ. ಅದು ಬೇರೆ ಕಾಯಿಲೆಯಲ್ಲ.

ಈ ಕಾಯಿಲೆ ಮೊದಲು ಬೆಳಕಿಗೆ ಬಂದದ್ದೇ ಒಂದು ಹುಡುಗಿಯಿಂದ. ಫಿನ್‌ಲ್ಯಾಂಡಿನ ಓಲಂಡ್ ದ್ವೀಪಗಳ ಆ ಮಗುವನ್ನು 1924ರಲ್ಲಿ ಎರಿಕ್ ವಾನ್ ವಿಲ್ಲೆಬ್ರಾಂಡ್ ಎಂಬ ವೈದ್ಯರು ಪರೀಕ್ಷಿಸಿದರು. ಹೆಸರು ಯೋರ್ಡಿಸ್, ಆಗ ಐದು ವರ್ಷ. ಅವಳ ಒಡಹುಟ್ಟಿದವರಲ್ಲಿ ಕೆಲವರು ಚಿಕ್ಕಂದಿನಲ್ಲೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ವೈದ್ಯರು ಇಡೀ ಕುಟುಂಬದ ವಂಶವೃಕ್ಷ ಬರೆದು 1926ರಲ್ಲಿ ಪ್ರಕಟಿಸಿದರು. ರಕ್ತಸ್ರಾವದ ರೋಗ ಅಂದರೆ ಗಂಡಸರಿಗೆ ಬರುವ ಹಿಮೋಫಿಲಿಯಾ ಎಂದೇ ಎಲ್ಲರೂ ತಿಳಿದಿದ್ದ ಕಾಲ ಅದು. ಈ ಮನೆತನದಲ್ಲಿ ಹೆಣ್ಣುಮಕ್ಕಳಿಗೂ ರಕ್ತ ನಿಲ್ಲುತ್ತಿರಲಿಲ್ಲ. ಯೋರ್ಡಿಸ್ 13ನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನಲ್ಲಿ ರಕ್ತ ನಿಲ್ಲದೆ ಸತ್ತಳು. ಅವಳಿಗಿದ್ದದ್ದು ಈ ಕಾಯಿಲೆಯ ಅತಿ ತೀವ್ರ ರೂಪ, ನಿಮ್ಮ ಮಗಳದ್ದು ಹಾಗಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದು ಈ ಕಾಯಿಲೆಯ ಬದಿಯ ವಿಷಯವಲ್ಲ, ನಡುಮಧ್ಯದ ವಿಷಯ. ಇಷ್ಟು ವರ್ಷಗಳಾದರೂ ನಮ್ಮಲ್ಲಿ ಇದನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವವರು ಕಡಿಮೆ.

ಈಗ ನಿಮ್ಮ ರಿಪೋರ್ಟಿನ ಸಂಖ್ಯೆಗಳು. 50ರಿಂದ 200ರವರೆಗೆ ಸಾಮಾನ್ಯ ಎಂದು ಹೆಚ್ಚಿನ ಲ್ಯಾಬ್‌ಗಳು ಬರೆಯುತ್ತವೆ. ಆಂಟಿಜನ್ 36 ಎಂದರೆ ಪ್ರೋಟೀನ್ ಎಷ್ಟಿದೆ ಎಂಬ ಅಳತೆ. ಆಕ್ಟಿವಿಟಿ 33 ಎಂದರೆ ಅದು ಪ್ಲೇಟ್‌ಲೆಟ್ ಹಿಡಿಯುವ ಕೆಲಸವನ್ನು ಎಷ್ಟು ಮಾಡುತ್ತಿದೆ ಎಂಬ ಅಳತೆ. 33ನ್ನು 36ರಿಂದ ಭಾಗಿಸಿ. 0.9ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. 0.7ಕ್ಕಿಂತ ಕೆಳಗೆ ಬಂದಿದ್ದರೆ ಪ್ರೋಟೀನ್ ಇದ್ದೂ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅಂದರೆ ಟೈಪ್ 2 ಎಂದು ಅನುಮಾನಿಸಬೇಕಿತ್ತು. ನಿಮ್ಮ ಮಗಳಲ್ಲಿ ಇರುವುದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಇರುವುದು ಕಡಿಮೆ ಅಷ್ಟೆ. ಇದು ಟೈಪ್ 1. ಈ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಇದೇ ಗುಂಪಿಗೆ ಸೇರುತ್ತಾರೆ. ಪ್ರೋಟೀನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವ ಟೈಪ್ 3 ಬಹಳ ಅಪರೂಪ.

ಓ ಗುಂಪಿನ ಮಾತೂ ಇದೆ. ಓ ಗುಂಪಿನವರಲ್ಲಿ ಈ ಪ್ರೋಟೀನ್ ಸಹಜವಾಗಿಯೇ ಕಾಲು ಭಾಗದಷ್ಟು ಕಡಿಮೆ ಇರುತ್ತದೆ. 1987ರಲ್ಲಿ ಅಮೆರಿಕದಲ್ಲಿ ರಕ್ತದಾನಿಗಳ ರಕ್ತ ಅಳೆದಾಗ ಓ ಗುಂಪಿನವರ ಸರಾಸರಿ 75ರ ಹತ್ತಿರ ಇತ್ತು, ಎಬಿ ಗುಂಪಿನವರದ್ದು 120 ದಾಟಿತ್ತು. ನಮ್ಮ ಕಡೆ ಓ ಗುಂಪಿನವರು ತುಂಬಾ ಜನ. ಹಾಗಾಗಿ "ಓ ಗ್ರೂಪ್ ಅಲ್ವಾ, ಅದಕ್ಕೇ ಕಡಿಮೆ, ಬಿಡಿ" ಎನ್ನುವ ಮಾತು ನಿಮ್ಮ ಕಿವಿಗೂ ಬೀಳಬಹುದು. ಕಾರಣ ಯಾವುದಾದರೂ ಇರಲಿ, ಕಡಿಮೆ ಇದ್ದು ರಕ್ತವೂ ಹೋಗುತ್ತಿದ್ದರೆ ಬಿಡುವ ಹಾಗಿಲ್ಲ. 2021ರಲ್ಲಿ ಅಂತರರಾಷ್ಟ್ರೀಯ ರಕ್ತಶಾಸ್ತ್ರ ಸಂಘಟನೆಗಳು ಸೇರಿ ಮಾಡಿದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. 30ಕ್ಕಿಂತ ಕೆಳಗಿದ್ದರೆ ರಕ್ತಸ್ರಾವ ಇರಲಿ ಬಿಡಲಿ ಅದು ಕಾಯಿಲೆ. 30ರಿಂದ 50ರ ನಡುವೆ ಇದ್ದು ಅಸಹಜ ರಕ್ತಸ್ರಾವದ ಇತಿಹಾಸವೂ ಇದ್ದರೆ ಅದೂ ಕಾಯಿಲೆಯೇ. ಹಿಮೋಗ್ಲೋಬಿನ್ 8.2ಕ್ಕೆ ಇಳಿಸಿದ ಮುಟ್ಟು ಅಸಹಜ ರಕ್ತಸ್ರಾವ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಮುಟ್ಟಿನ ಬಗ್ಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. "ಜಾಸ್ತಿ ಹೋಗುತ್ತಾ?" ಎಂದು ಕೇಳಿದರೆ ಹುಡುಗಿಯರು ಅಮ್ಮನ ಮುಖ ನೋಡುತ್ತಾರೆ. ಅಮ್ಮ "ನಮ್ಮನೇಲಿ ಎಲ್ಲರಿಗೂ ಹೀಗೇ ಡಾಕ್ಟ್ರೇ" ಎನ್ನುತ್ತಾರೆ. ಅಜ್ಜಿಗೂ ಹೀಗೇ, ಚಿಕ್ಕಮ್ಮನಿಗೂ ಹೀಗೇ. ವಂಶದಲ್ಲಿ ಬರುವ ಕಾಯಿಲೆ ಅಡಗಿ ಕೂರುವುದು ಇಲ್ಲೇ. ಮನೆಯ ಎಲ್ಲ ಹೆಂಗಸರಿಗೂ ಅದೇ ಇದ್ದರೆ ಅದೇ ಸಹಜ ಅನಿಸಿಬಿಡುತ್ತದೆ. ಹಾಗಾಗಿ ಎಣಿಸಿ ಹೇಳಬಹುದಾದ್ದನ್ನು ಕೇಳಬೇಕು. ಎರಡು ಗಂಟೆಯೊಳಗೆ ಪ್ಯಾಡ್ ಪೂರ್ತಿ ಒದ್ದೆಯಾಗುತ್ತಾ? ಎರಡು ಪ್ಯಾಡ್ ಒಟ್ಟಿಗೆ ಹಾಕ್ತಾಳಾ? ರಾತ್ರಿ ಎದ್ದು ಬದಲಿಸಬೇಕಾ, ಬೆಡ್‌ಶೀಟಿಗೆ ಕಲೆಯಾಗುತ್ತಾ? ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬೀಳುತ್ತಾ? ಏಳು ದಿನ ದಾಟುತ್ತಾ? ಕಾಲೇಜಿಗೆ ರಜೆ ಹಾಕ್ತಾಳಾ, ಆ ದಿನಗಳಲ್ಲಿ ಕಪ್ಪು ಪ್ಯಾಂಟ್ ಬಿಟ್ಟು ಬೇರೆ ಹಾಕೋದೇ ಇಲ್ವಾ? ಮೆಟ್ರೋದಲ್ಲಿ ಸೀಟು ಸಿಕ್ಕರೂ ಕಲೆಯಾದೀತೆಂದು ಕೂರುವುದಿಲ್ವಾ? ಮಗಳನ್ನು ಕೂರಿಸಿಕೊಂಡು ಎರಡು ಮೂರು ತಿಂಗಳು ಇದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಅದರ ಜೊತೆಗೆ ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದೇ ಇದ್ದದ್ದು, ಹಾಲುಹಲ್ಲು ಬಿದ್ದಾಗ ಮಾರನೇ ದಿನವೂ ರಕ್ತ ಬಂದದ್ದು, ಕಿವಿ ಚುಚ್ಚಿಸಿದಾಗ ಆಗಿದ್ದು, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು, ಇವನ್ನೂ ಸೇರಿಸಿ. ಆ ಪುಸ್ತಕ ನನ್ನ ಮಟ್ಟಿಗೆ ಲ್ಯಾಬ್ ರಿಪೋರ್ಟಿನಷ್ಟೇ ತೂಕದ್ದು.

ನಿಮ್ಮ ತಾಯಿಗೆ 38ಕ್ಕೇ ಗರ್ಭಕೋಶ ತೆಗೆದದ್ದನ್ನು ಓದಿ ಬೇಸರವಾಯಿತು. ಅವರಿಗೂ ಇದೇ ಇತ್ತೋ ಇಲ್ಲವೋ ಈಗ ಪರೀಕ್ಷೆ ಮಾಡಿದರೆ ಪೂರ್ತಿ ಗೊತ್ತಾಗದಿರಬಹುದು. ವಯಸ್ಸಾದಂತೆ ಈ ಪ್ರೋಟೀನ್ ತಾನಾಗಿಯೇ ಏರುತ್ತದೆ. ಆದರೂ ಕಾರಣ ಹುಡುಕದೆ ಗರ್ಭಕೋಶ ತೆಗೆಯುವ ರೂಢಿ ನಮ್ಮಲ್ಲಿ ಹೆಚ್ಚು. ಗರ್ಭಕೋಶದಲ್ಲಿ ಗಡ್ಡೆ ಇಲ್ಲದೆ, ಹಾರ್ಮೋನ್ ಸರಿಯಾಗಿದ್ದೂ ರಕ್ತ ನಿಲ್ಲದಿದ್ದರೆ ಈ ಒಂದು ಪರೀಕ್ಷೆ ಮಾಡಿಸಿಯೇ ಮುಂದಿನ ಮಾತು ಆಡಬೇಕು.

ಇನ್ನು ಬಿಟಿ-ಸಿಟಿ. ಬೆರಳಿಗೆ ಅಥವಾ ಕಿವಿಯ ತುದಿಗೆ ಚುಚ್ಚಿ ಫಿಲ್ಟರ್ ಪೇಪರ್ ಹಿಡಿದು ಗಡಿಯಾರ ನೋಡುವ ಈ ಪರೀಕ್ಷೆಯನ್ನು ಹಲ್ಲಿನ ಕ್ಲಿನಿಕ್ಕಿನಿಂದ ಹಿಡಿದು ಎಲ್ಲ ಕಡೆ ಇಂದಿಗೂ ಬರೆದುಕೊಡುತ್ತಾರೆ. ಸೌಮ್ಯ ರೂಪದ ವಿಲ್ಲೆಬ್ರಾಂಡ್ ಕಾಯಿಲೆ ಇದರಲ್ಲಿ ಎಷ್ಟೋ ಸಲ ಸಿಕ್ಕಿಬೀಳುವುದೇ ಇಲ್ಲ. ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಲ್ಯಾಬ್ ಪರೀಕ್ಷೆಗಳಲ್ಲಿ ಪಿಟಿ ಈ ಕಾಯಿಲೆಯಲ್ಲಿ ನಾರ್ಮಲ್ಲೇ ಇರುತ್ತದೆ, ಎಪಿಟಿಟಿಯೂ ಎಷ್ಟೋ ಸಲ ನಾರ್ಮಲ್ ಬರುತ್ತದೆ. ಪ್ಲೇಟ್‌ಲೆಟ್ ಎಣಿಕೆಯೂ ಹೆಚ್ಚಿನವರಲ್ಲಿ ಸರಿಯಾಗಿರುತ್ತದೆ. ಆದ್ದರಿಂದ ಬಿಟಿ-ಸಿಟಿ ನಾರ್ಮಲ್ ಎಂಬ ಚೀಟಿ ಹಿಡಿದು ಬುದ್ಧಿಹಲ್ಲು ತೆಗೆಸಲು ಹೋಗಬೇಡಿ.

ಮತ್ತೆ ಪರೀಕ್ಷೆ ಮಾಡಿಸುವಾಗ ಕೆಲವು ಎಚ್ಚರಗಳು. ಜ್ವರ, ಸೋಂಕು ಇಳಿದು ಕೆಲವು ವಾರ ಕಳೆದಿರಲಿ. ಮಗಳಿಗೆ ಹಾರ್ಮೋನ್ ಮಾತ್ರೆ ಶುರುಮಾಡಿದ್ದರೆ ಡಾಕ್ಟರಿಗೆ ಹೇಳಿ, ಈಸ್ಟ್ರೋಜನ್ ಇದನ್ನು ಏರಿಸಬಲ್ಲದು. ಮುಟ್ಟಿನ ಮೊದಲ ದಿನಗಳಲ್ಲಿ ಮಟ್ಟ ಸಾಮಾನ್ಯವಾಗಿ ಕೆಳಗಿರುತ್ತದೆ, ಆಗ ಕೊಟ್ಟರೆ ಒಳ್ಳೆಯದು. ಲ್ಯಾಬಿಗೆ ಹೋದ ತಕ್ಷಣ ಕೈ ಚಾಚಬೇಡಿ, ಮೆಟ್ಟಿಲು ಹತ್ತಿ ಬಂದಿದ್ದರೆ ಅರ್ಧ ಗಂಟೆ ಕೂತು ಸುಧಾರಿಸಿಕೊಳ್ಳಲಿ.

ಎಲ್ಲಕ್ಕಿಂತ ದೊಡ್ಡ ಎಚ್ಚರ ಸ್ಯಾಂಪಲ್ಲಿನದು. ಈ ಒಂದು ಪರೀಕ್ಷೆಗೆ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಸೇವೆ ಬೇಡ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿಗೆ ತೆಗೆದ ರಕ್ತವನ್ನು ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿಟ್ಟರೆ, ಆ ತಂಪಿಗೇ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಇಳಿದುಬಿಡುತ್ತದೆ. ಬೈಕಿನಲ್ಲಿ ನಾಲ್ಕು ಮನೆ ಸುತ್ತಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತು ಲ್ಯಾಬ್ ಮುಟ್ಟುವ ಹೊತ್ತಿಗೆ ಇಲ್ಲದ ಕಾಯಿಲೆ ಹುಟ್ಟಿಕೊಂಡಿರುತ್ತದೆ. ರಕ್ತವನ್ನು ರೂಮಿನ ಉಷ್ಣತೆಯಲ್ಲೇ ಇಟ್ಟು, ಆದಷ್ಟು ಬೇಗ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರೆ ಮಾಡಬೇಕು. ಆಮೇಲೆ ಬೇಕಾದರೆ ಪ್ಲಾಸ್ಮಾವನ್ನು ಫ್ರೀಜ್ ಮಾಡಿ ಕಳಿಸಲಿ. ಹಾಗಾಗಿ ರಕ್ತದ ಕಾಯಿಲೆಗಳ ವಿಭಾಗ ಇರುವ ದೊಡ್ಡ ಆಸ್ಪತ್ರೆಯ ಲ್ಯಾಬಿಗೇ ಹೋಗಿ ಕೊಡಿ. ನಿಮ್ಮ 36 ಹೇಗೆ ತೆಗೆದ ಸ್ಯಾಂಪಲ್ ಎಂದು ಕೇಳಿ ನೋಡಿ. ಮನೆಯಲ್ಲಿ ತೆಗೆದದ್ದಾದರೆ ಮತ್ತೊಮ್ಮೆ ಮಾಡಿಸುವುದು ಇನ್ನೂ ಮುಖ್ಯ.

ಜಾಸ್ತಿ ಇದ್ದರೆ ಹಾರ್ಟ್ ಅಟ್ಯಾಕ್, ಕಡಿಮೆ ಇದ್ದರೆ ಒಳ್ಳೆಯದಲ್ವಾ ಎಂದು ಕೇಳಿದ್ದೀರಿ. ನೀವು ಓದಿದ್ದರಲ್ಲಿ ನಿಜ ಇದೆ. ಈ ಪ್ರೋಟೀನ್ ಹೆಚ್ಚಿರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಒಂದಿಷ್ಟು ಹೆಚ್ಚು ಕಾಣುತ್ತವೆ. ಓ ಗುಂಪಿಗೆ ಸೇರದವರಲ್ಲಿ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಓ ಗುಂಪಿನವರಿಗಿಂತ ಸುಮಾರು ಎರಡು ಪಟ್ಟು. ಕೋವಿಡ್ ತೀವ್ರವಾದವರಲ್ಲಿ ಈ ಮಟ್ಟ ಸಾಮಾನ್ಯದ ಹಲವು ಪಟ್ಟು ಏರಿತ್ತು, ಅವರ ಶ್ವಾಸಕೋಶದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದರಲ್ಲಿ ಇದಕ್ಕೂ ಪಾಲಿದೆ. ಆದರೆ ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು ಇವು ನಾಳದ ಒಳಪದರವನ್ನು ಹಾಳುಮಾಡಿದಾಗಲೂ ಮಟ್ಟ ಏರುತ್ತದೆ. ಹಾಗಾಗಿ ಎಷ್ಟರ ಮಟ್ಟಿಗೆ ಇದು ಕಾರಣ, ಎಷ್ಟರ ಮಟ್ಟಿಗೆ ಬರೀ ಗುರುತು ಎಂದು ಬಿಡಿಸುವುದು ಸುಲಭವಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಈ ಕಾಯಿಲೆಯವರನ್ನು ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು ಸ್ವಲ್ಪ ಕಡಿಮೆಯೇ ಕಂಡವು. ಹಾಗಂತ ಮಗಳ ಹಿಮೋಗ್ಲೋಬಿನ್ 8ಕ್ಕೆ ಬೀಳುವುದನ್ನು ಒಳ್ಳೆಯದು ಎನ್ನಲು ಸಾಧ್ಯವೇ? ಎಷ್ಟೋ ವರ್ಷದ ಮುಂದಿನ ಒಂದು ಸಣ್ಣ ಲಾಭಕ್ಕೆ ಇವತ್ತಿನ ಆರೋಗ್ಯವನ್ನು ಒತ್ತೆಯಿಡಬಾರದು.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ನಿಜವಾದ ಉದಾಹರಣೆ ಟಿಟಿಪಿ ಎಂಬ ಕಾಯಿಲೆ. ಹೊಸದಾಗಿ ಹೊರಬಂದ ವಿಲ್ಲೆಬ್ರಾಂಡ್ ಸರಪಳಿ ತೀರಾ ಉದ್ದ. ಅದನ್ನು ಹದವಾದ ತುಂಡುಗಳಾಗಿ ಕತ್ತರಿಸಲು ಆಡಮ್‌ಟಿಎಸ್ 13 ಎಂಬ ಕಿಣ್ವ ಇದೆ. ದೇಹವೇ ಆ ಕಿಣ್ವದ ಮೇಲೆ ತಿರುಗಿಬಿದ್ದರೆ ಕತ್ತರಿಸುವವರೇ ಇಲ್ಲದಂತಾಗುತ್ತದೆ. ಉದ್ದನೆಯ ಸರಪಳಿಗಳು ಮಿದುಳು, ಹೃದಯ, ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಪ್ಲೇಟ್‌ಲೆಟ್ ಗುಡ್ಡೆ ಹಾಕುತ್ತವೆ. ಎಣಿಸಿದರೆ ಪ್ಲೇಟ್‌ಲೆಟ್ ಕೆಲವೇ ಸಾವಿರ. ಚಿಕಿತ್ಸೆ ಇಲ್ಲದಿದ್ದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಿರಲಿಲ್ಲ. ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಬಂದ ಮೇಲೆ ಹೆಚ್ಚಿನವರು ಬದುಕುತ್ತಿದ್ದಾರೆ. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಬಿದ್ದರೆ ಎಲ್ಲರೂ ಡೆಂಗಿ ಎಂದುಕೊಳ್ಳುತ್ತಾರೆ. ಪ್ಲೇಟ್‌ಲೆಟ್ ತೀರಾ ಕಡಿಮೆ, ಜೊತೆಗೆ ರಕ್ತಹೀನತೆ, ಮಾತು ತೊದಲುವುದು ಅಥವಾ ಗೊಂದಲ ಇದ್ದರೆ ಇದನ್ನೂ ನೆನಪಿಸಿಕೊಳ್ಳಬೇಕು.

ವಯಸ್ಸಾದವರಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ರೂಪ ನೋಡುತ್ತೇವೆ. ಹೃದಯದ ಮಹಾಪಧಮನಿಯ ಕವಾಟ ಕಿರಿದಾದಾಗ ರಕ್ತ ಅಲ್ಲಿ ವಿಪರೀತ ರಭಸದಿಂದ ನುಗ್ಗುತ್ತದೆ. ಆ ಸೆಳೆತಕ್ಕೆ ಸರಪಳಿಗಳು ಬಿಚ್ಚಿಕೊಂಡು ಬೇಕಾದ್ದಕ್ಕಿಂತ ಜಾಸ್ತಿ ಕತ್ತರಿಸಿಹೋಗುತ್ತವೆ. ಕರುಳಿನಿಂದ ರಕ್ತ ಹೋಗತೊಡಗುತ್ತದೆ. ಕವಾಟದ ತೊಂದರೆಗೂ ಕರುಳಿನ ರಕ್ತಸ್ರಾವಕ್ಕೂ ನಂಟಿದೆ ಎಂದು 1958ರಲ್ಲೇ ಹೈಡ್ ಎಂಬ ವೈದ್ಯರು ಬರೆದಿದ್ದರು, ಕಾರಣ ಗೊತ್ತಾದದ್ದು ಎಷ್ಟೋ ಕಾಲದ ನಂತರ. ಕವಾಟ ಬದಲಿಸಿದರೆ ಕರುಳಿನ ರಕ್ತವೂ ಎಷ್ಟೋ ಸಲ ನಿಲ್ಲುತ್ತದೆ.

ಸೋದರಮಾವನ ಮಗನನ್ನು ಮದುವೆಯಾದದ್ದರಿಂದ ಬಂತೇ? ನಿಮ್ಮ ಮಗಳ ವಿಷಯದಲ್ಲಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಟೈಪ್ 1 ಬರಲು ತಂದೆ ಅಥವಾ ತಾಯಿ, ಒಬ್ಬರಿಂದ ಬಂದ ಜೀನ್ ಸಾಕು. ನಿಮ್ಮ ಅಮ್ಮ, ಆಮೇಲೆ ಮಗಳು ಎಂದು ನೋಡಿದರೆ ನಿಮ್ಮ ಕಡೆಯಿಂದ ಬಂದಿರುವ ಸಾಧ್ಯತೆ ಹೆಚ್ಚು. ದೂರದವರನ್ನು ಮದುವೆಯಾಗಿದ್ದರೂ ಬರುತ್ತಿತ್ತು. ಸಂಬಂಧದಲ್ಲಿ ಮದುವೆಯ ತೊಂದರೆ ಇರುವುದು ಟೈಪ್ 3ರಲ್ಲಿ. ಅದಕ್ಕೆ ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬರಬೇಕು. ಇಬ್ಬರಿಗೂ ಒಂದೇ ಅಜ್ಜ-ಅಜ್ಜಿಯಿಂದ ಅದೇ ಜೀನ್ ಬಂದಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಅಪಾಯ. ಅಕ್ಕನ ಮಗಳನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇರುವ ನಮ್ಮ ಕಡೆ ಈ ಮಾತನ್ನು ಮುಚ್ಚಿಡದೆ ಹೇಳಬೇಕು. ನಿಮ್ಮ ಮನೆತನದಲ್ಲಿ ಈ ಜೀನ್ ಇರಬಹುದು ಎಂದು ಈಗ ಗೊತ್ತಾಗಿರುವುದರಿಂದ, ಮಗಳನ್ನು ಮತ್ತೆ ಸಂಬಂಧದಲ್ಲೇ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ನನ್ನ ಸಲಹೆ ಇದು, ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಮದುವೆಗೆ, ಮಕ್ಕಳಿಗೆ ಇದು ಅಡ್ಡಿಯಲ್ಲ. ಗರ್ಭಿಣಿಯಾದಾಗ ಈ ಪ್ರೋಟೀನ್ ತಾನಾಗಿಯೇ ಏರುತ್ತಾ ಹೋಗುತ್ತದೆ. ಟೈಪ್ 1 ಇರುವ ಎಷ್ಟೋ ಹೆಣ್ಣುಮಕ್ಕಳಲ್ಲಿ ಕೊನೆಯ ಮೂರು ತಿಂಗಳಲ್ಲಿ ನಾರ್ಮಲ್ ಆಗಿಬಿಡುತ್ತದೆ. ಅಪಾಯದ ಕಾಲ ಹೆರಿಗೆಯ ನಂತರ. ಒಂದರಿಂದ ಮೂರು ವಾರದೊಳಗೆ ಮಟ್ಟ ಮತ್ತೆ ಹಳೆಯ ಜಾಗಕ್ಕೆ ಇಳಿಯುತ್ತದೆ. ಆ ಹೊತ್ತಿಗೆ ಬಾಣಂತಿ ಆಸ್ಪತ್ರೆಯಿಂದ ತವರಿಗೆ ಬಂದಿರುತ್ತಾಳೆ, ರಕ್ತ ಹೋಗುವುದನ್ನು ಮನೆಯವರು ಮೈಲಿಗೆ ಎಂದು ಮಾತಾಡದೇ ಬಿಡುತ್ತಾರೆ. ಆ ವಾರಗಳಲ್ಲಿ ಪ್ಯಾಡ್ ಎಣಿಸಬೇಕಾದವರು ನೀವೇ. ಗಂಡಿನ ಮನೆಯವರಿಗೆ ಹೇಳಬೇಕಾ ಎಂದು ಕೇಳುವವರಿದ್ದಾರೆ. ಹೇಳಬೇಕು. ರಾತ್ರೋರಾತ್ರಿ ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ ಗೊತ್ತಿರಲೇಬೇಕು.

ಚಿಕಿತ್ಸೆಗೆ ಬರೋಣ. ಮುಟ್ಟಿನ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಒಳ್ಳೆಯದು. ಇದು ವಿಲ್ಲೆಬ್ರಾಂಡನ್ನು ಏರಿಸುವುದಿಲ್ಲ, ಆದರೆ ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುತ್ತದೆ. ರಕ್ತ ಹೋಗತೊಡಗಿದ ದಿನದಿಂದಲೇ ಶುರುಮಾಡಬೇಕು, ಮೂರನೇ ದಿನಕ್ಕೆ ಕಾಯಬಾರದು. ಎಷ್ಟು ಮಾತ್ರೆ ಎಂದು ನಿಮ್ಮ ಡಾಕ್ಟರ್ ಬರೆದುಕೊಡಲಿ. ಮೂತ್ರದಲ್ಲಿ ರಕ್ತ ಬರುತ್ತಿದ್ದರೆ ಅವರನ್ನು ಕೇಳದೆ ಕೊಡಬೇಡಿ. ಇದರಿಂದ ಸಾಲದಿದ್ದರೆ ಸ್ತ್ರೀರೋಗ ತಜ್ಞರ ಜೊತೆ ಕೂತು ಹಾರ್ಮೋನ್ ಮಾತ್ರೆಯ ಬಗ್ಗೆ ಮಾತಾಡಿ. ಮದುವೆಯಾಗದ ಹುಡುಗಿಗೆ ಆ ಮಾತ್ರೆಯೇ ಎಂದು ಹಿಂಜರಿಯಬೇಡಿ. ಇಲ್ಲಿ ಅದು ರಕ್ತ ನಿಲ್ಲಿಸುವ ಔಷಧಿ.

ಕಬ್ಬಿಣಾಂಶದ ಮಾತ್ರೆಯನ್ನು ಹಿಮೋಗ್ಲೋಬಿನ್ 12 ಮುಟ್ಟಿದ ದಿನವೇ ನಿಲ್ಲಿಸಬೇಡಿ. ಫೆರಿಟಿನ್ ಪರೀಕ್ಷೆ ಮಾಡಿಸಿ, ದೇಹದ ದಾಸ್ತಾನು ತುಂಬುವವರೆಗೆ ಮುಂದುವರಿಸಿ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ-ಟೀ ಬೇಡ. ಓದಲು ಕೂತರೆ ತೂಕಡಿಕೆ, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಅದು ಸೋಮಾರಿತನವಲ್ಲ, ಕಬ್ಬಿಣದ ಕೊರತೆ. ಪರೀಕ್ಷೆಯ ವರ್ಷದಲ್ಲಿ ಅವಳಿಗೆ ಇದನ್ನು ಯಾರಾದರೂ ಹೇಳಬೇಕು.

ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಮುಟ್ಟಿನ ಹೊಟ್ಟೆನೋವಿಗೆ ಎಲ್ಲರೂ ನುಂಗುವ ಮೆಫೆನಾಮಿಕ್ ಆಸಿಡ್ ಕೂಡ ಇದೇ ಗುಂಪಿನದ್ದು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಟ್ಟುಬಿಡುತ್ತಾರೆ, ನೀವೇ ನೋಡಿಕೊಳ್ಳಬೇಕು.

ಬುದ್ಧಿಹಲ್ಲು ತೆಗೆಸುವುದಕ್ಕೆ ಡೆಸ್ಮೋಪ್ರೆಸಿನ್ ಎಂಬ ಔಷಧಿ ಇದೆ. ನಾಳದ ಒಳಪದರದಲ್ಲಿ ಕಾದು ಕೂತಿರುವ ವಿಲ್ಲೆಬ್ರಾಂಡನ್ನು ಇದು ರಕ್ತಕ್ಕೆ ಬಿಡಿಸುತ್ತದೆ. ಇಟಲಿಯ ಮನ್ನುಚಿ ಮತ್ತು ಸಂಗಡಿಗರು 1977ರಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಎಷ್ಟೋ ಜನರಿಗೆ ಬೇರೆಯವರ ರಕ್ತದಿಂದ ಮಾಡಿದ ಔಷಧಿ ತೆಗೆದುಕೊಳ್ಳುವುದು ತಪ್ಪಿತು. ಡ್ರಿಪ್‌ನಲ್ಲಿ ಕೊಟ್ಟ ಒಂದು ಗಂಟೆಯ ಆಸುಪಾಸಿನಲ್ಲಿ ಮಟ್ಟ ಎರಡರಿಂದ ಐದು ಪಟ್ಟು ಏರಬಹುದು. ಎಲ್ಲರಿಗೂ ಒಂದೇ ತರ ಏರುವುದಿಲ್ಲ. ಹಾಗಾಗಿ ಹಲ್ಲು ತೆಗೆಸುವ ಮುಂಚೆಯೇ ಒಂದು ದಿನ ಆಸ್ಪತ್ರೆಯಲ್ಲಿ ಕೊಟ್ಟು, ಒಂದು ಗಂಟೆಗೆ ಮತ್ತು ನಾಲ್ಕು ಗಂಟೆಗೆ ರಕ್ತ ತೆಗೆದು ನೋಡಬೇಕು. ಈ ಔಷಧಿ ದೇಹದಲ್ಲಿ ನೀರು ನಿಲ್ಲಿಸುತ್ತದೆ. ಕೊಟ್ಟ ನಂತರ 24 ಗಂಟೆ ನೀರು, ಜ್ಯೂಸ್, ಎಳನೀರು ಎಲ್ಲ ಮಿತಿಯಲ್ಲಿರಬೇಕು, ಇಲ್ಲದಿದ್ದರೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಪಾಪ, ಹಲ್ಲು ಕಿತ್ತಿದ್ದಾಳೆ ಎಂದು ಮನೆಯವರು ಲೋಟ ಲೋಟ ಜ್ಯೂಸ್ ಕುಡಿಸುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಕೆಳಗಿನ ಬುದ್ಧಿಹಲ್ಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮರಗಟ್ಟಿಸುವ ಇಂಜೆಕ್ಷನ್ನನ್ನು ದವಡೆಯ ಹಿಂದೆ ಆಳಕ್ಕೆ, ನರದ ಪಕ್ಕ ಕೊಡುತ್ತಾರೆ. ಅಲ್ಲಿ ರಕ್ತ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಗಂಟಲ ಕಡೆ ಊದಿಕೊಂಡು ಉಸಿರಿಗೆ ತೊಂದರೆಯಾಗಬಹುದು. ಆದ್ದರಿಂದ ಔಷಧಿ ಕೊಟ್ಟು ಮಟ್ಟ ಏರಿಸುವುದು ಆ ಇಂಜೆಕ್ಷನ್ನಿಗೆ ಮುಂಚೆ ಆಗಬೇಕು, ಹಲ್ಲು ಕಿತ್ತ ಮೇಲಲ್ಲ. ಹಲ್ಲಿನ ಡಾಕ್ಟರ್ ಮತ್ತು ರಕ್ತದ ಡಾಕ್ಟರ್ ಮೊದಲೇ ಮಾತಾಡಿಕೊಳ್ಳಲಿ. ವಾರದ ಶುರುವಿನಲ್ಲಿ, ಬೆಳಗ್ಗೆ ಹೊತ್ತು ತೆಗೆಸಿ. ಶನಿವಾರ ಸಂಜೆ ತೆಗೆಸಿ ಭಾನುವಾರ ಪೂರ್ತಿ ಆಸ್ಪತ್ರೆ ಹುಡುಕುವುದು ಬೇಡ. ಟ್ರಾನೆಕ್ಸಾಮಿಕ್ ಮಾತ್ರೆಯನ್ನು ಐದಾರು ದಿನ ಮುಂದುವರಿಸಲು ಹೇಳುತ್ತಾರೆ, ನಿಂತಿತು ಎಂದು ಮಧ್ಯದಲ್ಲಿ ಬಿಡಬೇಡಿ.

ದೊಡ್ಡ ಆಪರೇಷನ್ ಅಥವಾ ಅಪಘಾತವಾದರೆ ಡೆಸ್ಮೋಪ್ರೆಸಿನ್ ಸಾಲದು. ಆಗ ವಿಲ್ಲೆಬ್ರಾಂಡ್ ಇರುವ ಫ್ಯಾಕ್ಟರ್ ಕಾನ್ಸಂಟ್ರೇಟ್ ಬೇಕು. ಎಮರ್ಜೆನ್ಸಿಯಲ್ಲಿ "ಫ್ಯಾಕ್ಟರ್ ಎಂಟು ಇದೆ" ಎಂದರೆ ಸಮಾಧಾನಪಟ್ಟುಕೊಳ್ಳಬೇಡಿ. ಪ್ಲಾಸ್ಮಾದಿಂದ ಮಾಡಿದ ಕೆಲವು ಫ್ಯಾಕ್ಟರ್ ಎಂಟರಲ್ಲಿ ಮಾತ್ರ ವಿಲ್ಲೆಬ್ರಾಂಡ್ ಸೇರಿರುತ್ತದೆ. ರಕ್ತದಿಂದಲ್ಲದೆ ಕೃತಕವಾಗಿ ತಯಾರಿಸಿದ ರೀಕಾಂಬಿನಂಟ್ ಫ್ಯಾಕ್ಟರ್ ಎಂಟರಲ್ಲಿ ಇರುವುದೇ ಇಲ್ಲ. "ಇದರಲ್ಲಿ ವಿಲ್ಲೆಬ್ರಾಂಡ್ ಇದೆಯಾ?" ಎಂದು ಕೇಳಿ. ಎಲ್ಲೂ ಸಿಗದಿದ್ದರೆ ಬ್ಲಡ್ ಬ್ಯಾಂಕಿನಲ್ಲಿ ಪ್ಲಾಸ್ಮಾದಿಂದ ಬೇರ್ಪಡಿಸಿಟ್ಟ ಕ್ರಯೋಪ್ರೆಸಿಪಿಟೇಟ್ ಕೊನೆಯ ದಾರಿ. ಮಗಳ ಬ್ಯಾಗಿನಲ್ಲಿ ಕಾಯಿಲೆಯ ಹೆಸರು, ಟೈಪ್, ಬ್ಲಡ್ ಗ್ರೂಪ್, ಡಾಕ್ಟರ ನಂಬರ್ ಬರೆದ ಕಾರ್ಡ್ ಇರಲಿ, ಫೋನಿನಲ್ಲಿ ಅದರ ಫೋಟೋ ಇರಲಿ. ಬೆಂಗಳೂರಿನಲ್ಲೂ ದಾವಣಗೆರೆಯಲ್ಲೂ ಹಿಮೋಫಿಲಿಯಾ ಸೊಸೈಟಿಗಳಿವೆ. ಹೆಸರು ಹಿಮೋಫಿಲಿಯಾ ಎಂದಿದ್ದರೂ ಇಂಥ ಸಂಸ್ಥೆಗಳಿಗೆ ಈ ಕಾಯಿಲೆಯೂ ಹೊಸದಲ್ಲ. ಮಗಳ ಹೆಸರು ನೋಂದಾಯಿಸಿ. ಫ್ಯಾಕ್ಟರ್ ಎಲ್ಲಿ ಸಿಗುತ್ತದೆ ಎಂದು ರಾತ್ರಿ ಹೊತ್ತು ಹುಡುಕುವಾಗ ಅವರ ಪರಿಚಯ ದೊಡ್ಡ ಆಸರೆ.

ಇನ್ನೊಂದು ಡೆಂಗಿ ಬಂದರೆ? ಜ್ವರದ ಮೊದಲ ದಿನವೇ ಡಾಕ್ಟರಿಗೆ ಈ ಕಾರ್ಡ್ ತೋರಿಸಿ. ಪ್ಲೇಟ್‌ಲೆಟ್ ಎಷ್ಟಿದೆ ಎಂಬುದನ್ನಷ್ಟೇ ನೋಡಿ ಧೈರ್ಯ ಹೇಳಿದರೆ ಸಾಲದು. ಅದೇ ಹೊತ್ತಿಗೆ ಮುಟ್ಟಾದರೆ ಆ ದಿನವೇ ಫೋನ್ ಮಾಡಿ, ಪ್ಯಾಡ್ ಲೆಕ್ಕ ಹೇಳಿ. ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬೇಡಿ.

ನೀವು ಕೇಳದ ಒಂದು ಮಾತು ಉಳಿದಿದೆ. ನಿಮ್ಮ ರಕ್ತ, ನಿಮ್ಮ ಯಜಮಾನರ ರಕ್ತ, ಬೇರೆ ಮಕ್ಕಳಿದ್ದರೆ ಅವರ ರಕ್ತ, ಎಲ್ಲವನ್ನೂ ಇದೇ ಪರೀಕ್ಷೆಗೆ ಕೊಡಿ. ನಿಮಗೆ ಹೆರಿಗೆಯಲ್ಲಿ, ಮುಟ್ಟಿನಲ್ಲಿ ಹೇಗಿತ್ತು ಎಂದು ನೀವು ಬರೆದೇ ಇಲ್ಲ. ತಾಯಂದಿರು ತಮ್ಮದನ್ನು ಯಾವಾಗಲೂ ಬಿಟ್ಟೇ ಬರೆಯುತ್ತಾರೆ. ಗಂಡುಮಕ್ಕಳಿಗೂ ಇದು ಅಷ್ಟೇ ಬರುತ್ತದೆ. ಮುಟ್ಟಿಲ್ಲದ ಕಾರಣ ಟಾನ್ಸಿಲ್ ಆಪರೇಷನ್ನೋ ಹಲ್ಲೋ ಬರುವವರೆಗೆ ಗೊತ್ತಾಗುವುದಿಲ್ಲ ಅಷ್ಟೆ. ಮಗಳ ಮುಂದಿನ ಪರೀಕ್ಷೆಗೆ ಹೋಗುವ ದಿನವೇ ಮನೆಯವರೆಲ್ಲ ಒಟ್ಟಿಗೆ ಹೋಗಿ ಕೊಟ್ಟು ಬನ್ನಿ.